ಸಾಹೇಬರು ಊಟಕ್ಕೆ ಹೋದ ಮೇಲೆ

ಪೀಣ್ಯ ಎರಡನೇ ಹಂತದ ಆ ಕಾರ್ಖಾನೆಯ ಗೇಟು ದಾಟಿದರೆ ಎಡಕ್ಕೆ ಒಂದು ಹೊಂಗೆಮರವಿತ್ತು. ಅದರ ಕೆಳಗಿನ ಸಿಮೆಂಟು ನೆಲದ ಮೇಲೆ ಲಾರಿ ಡ್ರೈವರುಗಳು ಇಟ್ಟಿಗೆ ಚೂರಿನಿಂದ ಚೌಕಾಬಾರದ ಮನೆ ಬರೆದು ಕೂತರೆಂದರೆ, ಒಳಗೆ ಸರ್ವರಿನಲ್ಲಿ ಏನೋ ನಿಂತಿದೆ ಎಂದು ಅರ್ಥ. ಇದು ಇಡೀ ಕಾರ್ಖಾನೆಗೆ ಗೊತ್ತಿತ್ತು. ಸರ್ವರನ್ನು ನೋಡಿಕೊಳ್ಳುವುದಕ್ಕೆಂದೇ ಸೇರಿಕೊಂಡಿದ್ದ ನನಗೊಬ್ಬನಿಗೆ ಗೊತ್ತಿರಲಿಲ್ಲ.

ನಾನು ಅಲ್ಲಿಗೆ ಹೋದದ್ದು ವೈಟ್‌ಫೀಲ್ಡಿನಲ್ಲಿ ಒಂದು, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಎರಡು ಕೆಲಸ ಬಿಟ್ಟ ಮೇಲೆ. ತುಮಕೂರು ರಸ್ತೆಯ ನಡುವೆ ಕಂಬಗಳು ಏಳುತ್ತಿದ್ದ ಕಾಲ ಅದು. ಮೇಲುರಸ್ತೆಯ ಕಂಬಗಳೋ ಮೆಟ್ರೋ ಕಂಬಗಳೋ, ಈಗ ಬೇರೆ ಮಾಡಿ ಹೇಳಲಾರೆ; ಧೂಳು ಎರಡಕ್ಕೂ ಒಂದೇ ಇತ್ತು. ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಓದಿದ್ದೆ. ಆ ಓದಿನಿಂದ ನನಗೆ ಗಟ್ಟಿಯಾಗಿ ಉಳಿದದ್ದು ಒಂದು ಚಟ: ಯಾರು ಏನು ಹೇಳಿದರೂ 'ಎಷ್ಟು ಸಲ ನೋಡಿದ್ದೀರಿ?' ಎಂದು ಕೇಳುವುದು. ಇಂಥ ಚಟ ಇರುವವನು ಯಾವ ಆಫೀಸಿನಲ್ಲೂ ಬಹಳ ದಿನ ಉಳಿಯುವುದಿಲ್ಲ. ಪೀಣ್ಯದಲ್ಲಿ ಮಾತ್ರ ನಾಲ್ಕು ವರ್ಷ ಉಳಿದೆ. ಐದೂ ಇರಬಹುದು.

ಅಲ್ಲಿ ಗಾಡಿಗಳ ಬ್ರೇಕಿಗೆ ಬೇಕಾದ ಬಿಡಿಭಾಗಗಳು ತಯಾರಾಗುತ್ತಿದ್ದವು. ಸರಕು ತುಂಬಿದ ಲಾರಿ ಹೊರಗೆ ಹೋಗಬೇಕಾದರೆ ಗೇಟ್ ಪಾಸ್ ಬೇಕು. ಡಿಸ್ಪ್ಯಾಚ್ ಶೆಡ್ಡಿನಲ್ಲಿ ಲಾರಿಯ ನಂಬರು ಟೈಪ್ ಮಾಡಿದರೆ, ಸರ್ವರಿನಲ್ಲಿ ಓಡುತ್ತಿರುವ ಒಂದು ಪ್ರೋಗ್ರಾಮು ಅದನ್ನು ಎತ್ತಿಕೊಂಡು ಶೆಡ್ಡಿನ ಪ್ರಿಂಟರಿಗೆ ಕಳಿಸಬೇಕು. ಹಳೆಯ ಪ್ರಿಂಟರು, ಇಡೀ ಶೆಡ್ಡಿಗೆ ಕೇಳುವಂತೆ ಕರ್ರೆಂದು ಕೊರೆದು ಚೀಟಿ ಉಗುಳುತ್ತಿತ್ತು. ಆ ಪ್ರೋಗ್ರಾಮಿಗೆ ಆಗಾಗ ಸುಮ್ಮನೆ ನಿಂತುಬಿಡುವ ಕಾಯಿಲೆ. ಬರೆದವರು ಕೆಲಸ ಬಿಟ್ಟು ಹೋಗಿದ್ದರು. ನಿಂತಾಗ ಮತ್ತೆ ಎಬ್ಬಿಸುವುದಷ್ಟೇ ನಮ್ಮ ಕೈಲಿದ್ದದ್ದು.

ನಿಂತ ಸುದ್ದಿ ನನಗೆ ಮುಟ್ಟುತ್ತಿದ್ದದ್ದು ಡಿಸ್ಪ್ಯಾಚಿನ ಗುಮಾಸ್ತರಿಂದ. ಎಲ್ಲರೂ ಅವರನ್ನು ಯಜಮಾನ್ರು ಎನ್ನುತ್ತಿದ್ದರು. ಕಾರ್ಖಾನೆ ಏಳುವ ಮೊದಲು ಅಲ್ಲಿದ್ದ ರಾಗಿ ಹೊಲ ಅವರ ಮನೆತನದ್ದು. ಜಮೀನು ಹೋದಾಗ ಮನೆಗೊಂದು ಕೆಲಸ ಅಂತ ಕೊಟ್ಟರಂತೆ, ಹಾಗೆ ಬಂದವರು. ರಾಜಗೋಪಾಲನಗರದಲ್ಲಿ ಅವರವೇ ನಾಲ್ಕು ಮನೆ ಬಾಡಿಗೆಗಿದ್ದವು. ಈ ಕೆಲಸ ಅವರಿಗೆ ಹೊಟ್ಟೆಪಾಡೇನೂ ಆಗಿರಲಿಲ್ಲ. ಫೋನು ಮಾಡಲು ಅವರಿಗೆ ಇಷ್ಟವಿಲ್ಲ. ಶೆಡ್ಡಿನಿಂದ ನನ್ನ ಮೇಜಿನವರೆಗೆ ನಡೆದೇ ಬಂದು ಬಾಗಿಲಲ್ಲಿ ನಿಂತು ಹೇಳುತ್ತಿದ್ದರು:

"ಸಾರ್, ನಿಮ್ದು ಮತ್ತೆ ಮಲ್ಗೈತೆ."

ಹೊಂಗೆಮರವನ್ನು ತಮ್ಮ ಅಜ್ಜ ನೆಟ್ಟದ್ದೆಂದು ಒಮ್ಮೆ ಹೇಳಿದರು. ನಾನು ಕಾಂಡವನ್ನು ತೋಳಿನಿಂದ ಅಳೆದು, "ಇದಕ್ಕೆ ಮೂವತ್ತು ವರ್ಷದ ಮೇಲಾಗಿಲ್ಲ, ಯಜಮಾನ್ರೇ" ಎಂದೆ.

"ಅಂಗಾದ್ರೆ ನಮ್ಮಜ್ಜ ಸತ್ಮೇಲೆ ನೆಟ್ಟಿರ್ಬೇಕು, ಬಿಡಿ ಸಾರ್" ಎಂದು ಹೋದರು.

ಆ ವರ್ಷ ಅವರಿಗೆ ಒಂದೇ ಆಸೆ ಇತ್ತು. ಡಿಸ್ಪ್ಯಾಚ್ ಸೂಪರ್‌ವೈಸರು ನಿವೃತ್ತರಾಗುವವರಿದ್ದರು. ಶೆಡ್ಡಿನ ಮೂಲೆಯಲ್ಲಿ ಅವರಿಗೊಂದು ಗಾಜಿನ ಕೋಣೆ. ಅಲ್ಲಿ ಕೂತರೆ ಗೇಟು, ಮರ, ರಸ್ತೆ ಎಲ್ಲ ಕಾಣುತ್ತಿತ್ತು. ಇಪ್ಪತ್ತು ವರ್ಷ ಗೋಡೆಯ ಕಡೆ ಮುಖ ಮಾಡಿ ಟೈಪ್ ಮಾಡಿದ ಯಜಮಾನ್ರಿಗೆ ಆ ಕೋಣೆ ಬೇಕಿತ್ತು. "ನಮ್ ಹೊಲನ ನಾನು ಕೂತ್ಕಂಡು ನೋಡ್ಬೇಕು ಸಾರ್, ಅಷ್ಟೇಯ" ಎನ್ನುತ್ತಿದ್ದರು. ಬಡ್ತಿಯ ಕಾಗದ ಪ್ಲಾಂಟ್ ಮ್ಯಾನೇಜರ ಮೇಜಿನ ಮೇಲೆ ಸಹಿಗೆ ಕಾದಿತ್ತು.

ದಿನಕ್ಕೆರಡು ಸಲ ಅವರು ನಡೆದು ಬರುವುದನ್ನು ತಪ್ಪಿಸಬೇಕೆಂದು ನಾನು ಸ್ಕ್ರಿಪ್ಟ್ ಬರೆದೆ. ಅವರ ಕಾಲಿನ ಮೇಲಿನ ಕರುಣೆಯೋ, ನನ್ನ ಕೆಲಸದ ನಡುವೆ ಬಾಗಿಲಲ್ಲಿ ಯಾರೂ ನಿಲ್ಲಬಾರದೆಂಬ ಕಿರಿಕಿರಿಯೋ, ಈಗ ಹೇಳುವುದು ಕಷ್ಟ. ಹತ್ತು ಹನ್ನೆರಡು ಸಾಲಿನ ಶೆಲ್ ಸ್ಕ್ರಿಪ್ಟು, ಎಂದರೆ ಸರ್ವರಿಗೆ ಒಂದರ ಹಿಂದೊಂದು ಕೊಡುವ ಆಜ್ಞೆಗಳು. ಪ್ರತಿ ಐದು ನಿಮಿಷಕ್ಕೊಮ್ಮೆ ಅದು ತಾನಾಗಿ ಎದ್ದು, ಸರ್ವರಿನಲ್ಲಿ ಈಗ ಏನೇನು ಓಡುತ್ತಿದೆ ಎಂಬ ಪಟ್ಟಿ ತರಿಸಿಕೊಳ್ಳುತ್ತದೆ. ಆ ಪಟ್ಟಿಯಲ್ಲಿ ನಮ್ಮ ಪ್ರೋಗ್ರಾಮಿನ ಹೆಸರಿರುವ ಸಾಲು ಇದ್ದರೆ ಒಂದು ಫೈಲಿನಲ್ಲಿ 'ಓಡುತ್ತಿದೆ' ಎಂದು ಹೊತ್ತಿನ ಸಮೇತ ಬರೆಯುತ್ತದೆ. ಇಲ್ಲದಿದ್ದರೆ ಪ್ರೋಗ್ರಾಮನ್ನು ಎಬ್ಬಿಸಿ, 'ನಿಂತಿತ್ತು, ಎಬ್ಬಿಸಿದೆ' ಎಂದು ಬರೆಯುತ್ತದೆ.

ಇಂಥ ಸ್ಕ್ರಿಪ್ಟಿನಲ್ಲಿ ಹೊಸಬರು ಮಾಡುವ ಒಂದು ಪ್ರಸಿದ್ಧ ತಪ್ಪಿದೆ. ಪಟ್ಟಿಯಲ್ಲಿ ಹೆಸರು ಹುಡುಕುವುದಕ್ಕೆ ಗ್ರೆಪ್ ಎಂಬ ಆಜ್ಞೆ ಇದೆ. ಹುಡುಕುವ ಆ ಆಜ್ಞೆಯೂ ಅದೇ ಹೊತ್ತಿಗೆ ಓಡುತ್ತಿರುವುದರಿಂದ, ಹುಡುಕುತ್ತಿರುವ ಹೆಸರನ್ನು ಹೊತ್ತುಕೊಂಡು ಅದೂ ಪಟ್ಟಿಯಲ್ಲಿ ಬಂದು ಕೂರುತ್ತದೆ. ಹುಡುಕುವವನೇ ಸಿಕ್ಕಿಬಿಡುತ್ತಾನೆ. ನನಗೆ ಅದು ಗೊತ್ತಿತ್ತು, ಆ ಸಾಲನ್ನು ಬಿಟ್ಟು ಎಣಿಸುವಂತೆ ಬರೆದಿದ್ದೆ. ಅದನ್ನು ಪಕ್ಕದ ಮೇಜಿನ ಸ್ಟೋರ್ಸ್ ಮೇಡಂಗೆ ವಿವರಿಸಿಯೂ ಇದ್ದೆ. ಅವರು ಬೋಲ್ಟುಗಳ ಪಟ್ಟಿಯಿಂದ ತಲೆ ಎತ್ತಲಿಲ್ಲ.

"ನಾನು ಬೋಲ್ಟ್ ಎಣಿಸ್ಬೇಕಾದ್ರೆ ನನ್ನನ್ನೂ ಸೇರಿಸ್ಕೊಂಡು ಎಣಿಸಲ್ಲ ಕಣ್ರೀ. ಇದನ್ನ ಹೇಳೋಕೆ ಎಂಎಸ್ಸಿ ಓದ್ಬೇಕಾಯ್ತಾ?"

ಯಜಮಾನ್ರಿಗೆ ನಾನೇ ಹೋಗಿ ಹೇಳಿದೆ: "ಇನ್ಮೇಲೆ ನೀವು ಬರೋದೇ ಬೇಡ. ಚೀಟಿ ಬರದಿದ್ರೆ ಐದು ನಿಮಿಷ ಕಾಯಿರಿ. ತಾನಾಗೇ ಎದ್ದೇಳುತ್ತೆ."

"ಐದೇ ನಿಮಿಷನಾ?"

"ಐದೇ ನಿಮಿಷ."

ಎರಡು ತಿಂಗಳು ಹಾಗೆಯೇ ನಡೆಯಿತು. ಮರದ ಕೆಳಗಿನ ಚೌಕಾಬಾರದ ಮನೆ ಅಳಿಸಿಹೋಗಿತ್ತಂತೆ. ನಾನು ನೋಡಿರಲಿಲ್ಲ, ಆಮೇಲೆ ಕೇಳಿದ್ದು.

ಅಷ್ಟರಲ್ಲಿ ಪ್ಲಾಂಟ್ ಮ್ಯಾನೇಜರ ಕೋಣೆಯ ಗೋಡೆಗೆ ದೊಡ್ಡ ಪರದೆಯೊಂದು ಬಂತು. ಗಿರಾಕಿ ಕಂಪನಿಯವರು ನೋಡಲು ಬಂದಾಗ ಅದರಲ್ಲಿ ಏನಾದರೂ ಓಡುತ್ತಿರಬೇಕು ಎಂದು ಅವರು ಬಯಸಿದರು. ಹೀಗೆಂದು ನನ್ನ ನೆನಪು. ನಾನು ಅವರ ಕಂಪ್ಯೂಟರಿನಿಂದ ಸರ್ವರಿನೊಳಕ್ಕೆ ತೆರೆಯುವ ಒಂದು ಕಿಟಕಿ ಮಾಡಿಕೊಟ್ಟೆ. ಗೇಟ್ ಪಾಸ್ ಪ್ರೋಗ್ರಾಮು ತನ್ನ ದಿನಚರಿಯನ್ನು ತನ್ನದೇ ಇನ್ನೊಂದು ಫೈಲಿಗೆ ಬರೆದುಕೊಳ್ಳುತ್ತಿತ್ತು; ಆ ಫೈಲಿನ ಕೊನೆಯ ಸಾಲುಗಳು ಬಂದ ಹಾಗೆಯೇ ಪರದೆಯ ಮೇಲೆ ಹಸಿರು ಅಕ್ಷರದಲ್ಲಿ ಜಾರುತ್ತಿದ್ದವು. ಪರದೆ ಇದ್ದದ್ದು ಮ್ಯಾನೇಜರ ಬೆನ್ನ ಹಿಂದೆ, ಬಂದವರ ಮುಖಕ್ಕೆ. ಅವರು ಅದನ್ನು ತಿರುಗಿ ನೋಡಿದ್ದು ಕಡಿಮೆ.

ಪರದೆ ಬಂದು ಒಂದೆರಡು ದಿನವಾಗಿರಬೇಕು. ಒಂದು ದಿನ ಬೆಳಿಗ್ಗೆ ಹನ್ನೊಂದರಿಂದ ಮಧ್ಯಾಹ್ನ ಒಂದೂವರೆಯವರೆಗೆ ಒಂದು ಲಾರಿಯೂ ಹೊರಡಲಿಲ್ಲ. ಗಿರಾಕಿ ಕಂಪನಿಯಿಂದ ಫೋನಿನ ಮೇಲೆ ಫೋನು. ಮ್ಯಾನೇಜರು ನನ್ನನ್ನೂ ಯಜಮಾನ್ರನ್ನೂ ಕರೆಸಿದರು. ಅವರು ಕೆಟ್ಟ ಮನುಷ್ಯರಲ್ಲ, ಲೆಕ್ಕಾಚಾರದವರು. ಕೋಣೆ ಬಿಟ್ಟು ಎದ್ದರೆ ಫ್ಯಾನು, ದೀಪ, ಕಂಪ್ಯೂಟರು ಎಲ್ಲ ಆರಿಸಿಯೇ ಹೋಗುತ್ತಿದ್ದರು, ಊಟಕ್ಕೆ ಎದ್ದರೂ ಸರಿ.

ನನ್ನ ಸ್ಕ್ರಿಪ್ಟಿನ ಫೈಲನ್ನು ಮುದ್ರಿಸಿ ಅವರ ಮುಂದಿಟ್ಟೆ. ಹನ್ನೊಂದರಿಂದ ಪ್ರತಿ ಐದು ನಿಮಿಷಕ್ಕೂ 'ಓಡುತ್ತಿದೆ', 'ಓಡುತ್ತಿದೆ', 'ಓಡುತ್ತಿದೆ'. ಒಂದು ಮೂವತ್ತೈದಕ್ಕೆ ಒಂದೇ ಒಂದು ಸಾಲು: 'ನಿಂತಿತ್ತು, ಎಬ್ಬಿಸಿದೆ'.

"ನಿಂತಿದ್ದು ಒಂದೇ ಸಲ, ಆಗಲೇ ಎದ್ದಿದೆ" ಎಂದರು ಮ್ಯಾನೇಜರು. "ಎರಡೂವರೆ ಗಂಟೆ ನೀವೇನ್ ಮಾಡ್ತಿದ್ರಿ, ಯಜಮಾನ್ರೇ?"

"ನಂಬರ್ ಒತ್ತಿ ಕಾಯ್ತಿದ್ದೆ ಸಾರ್. ಅದು ಸತ್ತೋಗಿತ್ತು."

"ನಂಬರ್ ಒತ್ತಿದ್ದಕ್ಕೆ ಪುರಾವೆ?"

ಪುರಾವೆ ಇರಲಿಲ್ಲ. ಚೀಟಿಯ ಮೇಲೆ ಮುದ್ರಣವಾದ ಹೊತ್ತು ಮಾತ್ರ ಇರುತ್ತಿತ್ತು. ಒಂದು ಮೂವತ್ತಾರಕ್ಕೆ ಎಲ್ಲ ಚೀಟಿಗಳೂ ಒಟ್ಟಿಗೆ ಬಂದಿದ್ದವು. ಆಗ ತಾನೇ ಕೂತು ಒಟ್ಟಿಗೆ ಒತ್ತಿದಂತೆಯೇ ಕಾಣುತ್ತಿತ್ತು.

"ಹನ್ನೆರಡು ಗಂಟೆಗೆ ನಾನೇ ಕಿಟಕಿಯಿಂದ ನೋಡ್ದೆ. ಮರದ ಕೆಳಗೆ ಡ್ರೈವರ್‌ಗಳ ಜೊತೆ ಚೌಕಾಬಾರ ಆಡ್ತಿದ್ರಿ."

"ನಾನ್ ಆಡ್ಲಿಲ್ಲ ಸಾರ್. ನೋಡ್ತಿದ್ದೆ."

ಬಾಗಿಲ ಹೊರಗೆ ತನ್ನ ಚೀಟಿಗೆ ಸಹಿ ಹಾಕಿಸಿಕೊಳ್ಳಲು ನಿಂತಿದ್ದ ಡ್ರೈವರೊಬ್ಬ ತಡೆಯಲಾರದೆ ಕೂಗಿದ: "ನೋಡ್ತಿದ್ರಂತೆ! ಹಣ್ಣಾಗೋಕೆ ಒಂದ್ ಮನೆ ಇತ್ತು, ನನ್ ಕಾಯಿ ಹೊಡ್ದೋರು ಯಾರು ಹಂಗಾದ್ರೆ?"

ಮ್ಯಾನೇಜರು ನನ್ನ ಕಡೆ ತಿರುಗಿದರು. "ಸ್ಕ್ರಿಪ್ಟ್ ತಪ್ಪಾಗಿರಬಹುದಾ?"

ಈ ಪ್ರಶ್ನೆಗೆ ನಾನು ಕೊಟ್ಟ ಉತ್ತರವನ್ನು ಮರೆಯಬೇಕೆಂದು ಬಹಳ ಪ್ರಯತ್ನಿಸಿದ್ದೇನೆ. ಉಳಿದದ್ದೆಲ್ಲ ಮಸುಕಾದರೂ ಇದೊಂದು ಸ್ಪಷ್ಟವಾಗಿದೆ. "ಮನುಷ್ಯರು ಮರೀಬಹುದು ಸಾರ್, ಸ್ಕ್ರಿಪ್ಟ್ ಮರೆಯಲ್ಲ" ಎಂದೆ.

ಯಜಮಾನ್ರು ನನ್ನನ್ನು ನೋಡಿದರು. ಕೋಪವಿರಲಿಲ್ಲ, ಆಶ್ಚರ್ಯವಿತ್ತು. ಮ್ಯಾನೇಜರು ಬಡ್ತಿಯ ಕಾಗದವನ್ನು ಪಕ್ಕಕ್ಕೆ ಸರಿಸಿದರು. ನಾಳೆ ಸಂಜೆಯೊಳಗೆ ಸರಿಯಾದ ಕಾರಣ ಸಿಗದಿದ್ದರೆ ಮೆಮೊ ಕೊಡುತ್ತೇನೆ ಎಂದರು. ಮೆಮೊ ಬಿದ್ದ ಫೈಲಿಗೆ ಆ ವರ್ಷ ಬಡ್ತಿ ಇಲ್ಲ. ಗಾಜಿನ ಕೋಣೆ ಬೇರೆಯವರಿಗೆ.

ಹೊರಗೆ ಬಂದ ಮೇಲೆ ನಾನೇ ಸಿಡುಕಿದೆ. "ನನ್ ಹತ್ರ ಒಂದ್ ಸಲ ಬಂದು ಹೇಳ್ಬಾರ್ದಾಗಿತ್ತಾ?"

"ನೀವೇ ಯೋಳಿದ್ರಲ್ಲ ಸಾರ್, ಬರ್ಬ್ಯಾಡಿ, ಐದ್ ನಿಮಿಷ ಕಾಯಿರಿ ಅಂತ. ಕಾದೆ. ಆಮ್ಯಾಲೆ ಇನ್ನೈದ್ ನಿಮಿಷ ಕಾದೆ. ಇಂಗೇ ಕಾಯ್ತಾ ಕೂತಿದ್ದೆ." ಸ್ವಲ್ಪ ದೂರ ಹೋಗಿ ತಿರುಗಿ ನಿಂತರು. "ಸಾಹೇಬ್ರು ಊಟಕ್ಕೋದ್ರು ನೋಡಿ, ಆಗ ಕರ್ರ್ ಅಂತು."

ನಾನು ನಕ್ಕುಬಿಟ್ಟೆ. ಎರಡು ಸಂಗತಿ ಒಂದರ ಹಿಂದೆ ಒಂದು ನಡೆದ ಮಾತ್ರಕ್ಕೆ ಮೊದಲನೆಯದು ಎರಡನೆಯದಕ್ಕೆ ಕಾರಣವಾಗುವುದಿಲ್ಲ ಎಂದು ವಿವರಿಸಿದೆ. ನಮ್ಮ ಮೇಷ್ಟ್ರು ಮೊದಲ ವರ್ಷವೇ ಕಲಿಸಿದ ಪಾಠ ಅದು. ಯಜಮಾನ್ರು ಪೂರ್ತಿ ಕೇಳಿಸಿಕೊಂಡು, "ಆಯ್ತು ಸಾರ್" ಎಂದು ಶೆಡ್ಡಿಗೆ ಹೋದರು.

ನನ್ನ ಮೇಜಿಗೆ ಬಂದು ಸ್ಕ್ರಿಪ್ಟನ್ನು ಮೇಲಿನಿಂದ ಕೆಳಕ್ಕೆ ಓದಿದೆ. ಸರಿಯಾಗಿತ್ತು. ಇನ್ನೊಮ್ಮೆ ಓದಿದೆ. ಮತ್ತೂ ಸರಿಯಾಗಿತ್ತು. ಮರುದಿನ ಬೆಳಿಗ್ಗೆಯೂ ಅದನ್ನೇ ಓದುತ್ತಾ ಕೂತಿದ್ದೆ. ಸ್ಟೋರ್ಸ್ ಮೇಡಂಗೆ ರೇಗಿತು.

"ಎಷ್ಟ್ ಸಲ ಓದ್ತೀರ್ರೀ? ಬೋಲ್ಟ್ ಗಟ್ಟಿ ಇದ್ಯಾ ಅಂತ ತಿಳ್ಕೊಳೋಕೆ ನಾವು ಡಬ್ಬದ್ ಮೇಲಿನ ಚೀಟಿ ಓದಲ್ಲ. ಒಂದನ್ನ ತಗೊಂಡು ಮುರಿದು ನೋಡ್ತೀವಿ. ನೀವೂ ಆ ಪ್ರೋಗ್ರಾಮನ್ನ ಒಂದ್ ಸಲ ಸಾಯ್ಸಿ ನೋಡಿ."

ಎಲ್ಲರನ್ನೂ 'ಎಷ್ಟು ಸಲ ನೋಡಿದ್ದೀರಿ' ಎಂದು ಕೇಳುತ್ತಿದ್ದವನು ನಾನು. ನನ್ನ ಸ್ಕ್ರಿಪ್ಟನ್ನು ಪರೀಕ್ಷಿಸಿದ್ದು ಬರೆದ ದಿನ ಒಂದು ಸಲ.

ಆಗ ಹನ್ನೊಂದು ಗಂಟೆ ಹತ್ತಿರ. ಗೇಟಿನಲ್ಲಿ ಒಂದೇ ಲಾರಿ ಇತ್ತು. ಯಜಮಾನ್ರಿಗೆ ಹೇಳಿ ಕಳಿಸಿ, ಗೇಟ್ ಪಾಸ್ ಪ್ರೋಗ್ರಾಮನ್ನು ನನ್ನ ಕೈಯಾರೆ ನಿಲ್ಲಿಸಿದೆ. ಐದು ನಿಮಿಷ ಕಾದೆ. ಫೈಲಿನಲ್ಲಿ ಹೊಸ ಸಾಲು ಬಂತು: 'ಓಡುತ್ತಿದೆ'.

ಹೇಳಿಕೊಳ್ಳಲು ನಾಚಿಕೆಯಾಗುವಂಥ ಒಂದು ಖುಷಿ ಆಯಿತು. ಸ್ಕ್ರಿಪ್ಟು ಕೇವಲ ಸಾಲುಗಳನ್ನು ಎಣಿಸುತ್ತಿತ್ತು. ಎಣಿಸಿದ ಆ ಸಾಲು ಯಾವುದೆಂದು ನಾನು ಕಣ್ಣಿಟ್ಟು ನೋಡಿರಲಿಲ್ಲ. ಈಗ ಪಟ್ಟಿಯನ್ನು ತೆರೆದು ಪೂರ್ತಿ ಓದಿದೆ. ಪ್ರೋಗ್ರಾಮು ಎಲ್ಲೂ ಇರಲಿಲ್ಲ. ಅದರ ಹೆಸರು ಇತ್ತು, ಮ್ಯಾನೇಜರ ಕೋಣೆಯ ಸಾಲಿನಲ್ಲಿ. ಅವರ ಪರದೆಗೆಂದು ನಾನು ಮಾಡಿಕೊಟ್ಟ ಕಿಟಕಿ ಸರ್ವರಿನೊಳಗೆ ಕೂತು ಪ್ರೋಗ್ರಾಮಿನ ದಿನಚರಿಯ ಫೈಲನ್ನು ಓದುತ್ತಿತ್ತು. ಫೈಲಿಗೆ ಪ್ರೋಗ್ರಾಮಿನದೇ ಹೆಸರು. ಮನೆಯೊಳಗೆ ಯಜಮಾನನಿದ್ದಾನೆಯೇ ಎಂದು ನೋಡಲು ಹೋದವನು, ಜಗುಲಿಯಲ್ಲಿ ಕೂತು ಅವನ ಹೆಸರಿಗೆ ಬಂದ ಕಾಗದ ಓದುತ್ತಿದ್ದವನನ್ನೇ ಯಜಮಾನನೆಂದು ತಿಳಿದು ವಾಪಸು ಬಂದ ಹಾಗೆ. ಮ್ಯಾನೇಜರ ಕಂಪ್ಯೂಟರು ಹಚ್ಚಿರುವಷ್ಟು ಹೊತ್ತು ನನ್ನ ಸ್ಕ್ರಿಪ್ಟಿಗೆ ಎಲ್ಲವೂ ಕ್ಷೇಮ. ಅವರು ಊಟಕ್ಕೆಂದು ಕಂಪ್ಯೂಟರು ಆರಿಸಿದರೆ ಮಾತ್ರ ಅದಕ್ಕೆ ನಿಜ ಕಾಣುತ್ತಿತ್ತು.

ಶೆಡ್ಡಿಗೆ ಓಡಿದೆ. ಯಜಮಾನ್ರಿಗೆ ಎಲ್ಲ ಹೇಳಿದೆ. ಅವರಿಗೆ ಎಷ್ಟು ಅರ್ಥವಾಯಿತೋ, ಕೊನೆಯ ಭಾಗ ಮಾತ್ರ ಚೆನ್ನಾಗಿ ಹಿಡಿಯಿತು.

"ನಾನೂ ಅದ್ನೇ ಅಲ್ವಾ ಯೋಳಿದ್ದು?"

"ಅದನ್ನೇ ಹೇಳಿದ್ರಿ."

"ನೀವು ಮೇಷ್ಟ್ರು ಪಾಠ ಮಾಡಿದ್ರಿ."

"ತಪ್ಪಾಯ್ತು. ಗೇಟಲ್ಲಿರೋ ಲಾರಿ ನಂಬರ್ ಒತ್ತಿಟ್ಟು ಬನ್ನಿ."

ಮ್ಯಾನೇಜರ ಕೋಣೆಗೆ ಇಬ್ಬರೂ ಹೋದೆವು. ಸ್ಟೋರ್ಸ್ ಮೇಡಂ ಕೂಡ ಕೈಯಲ್ಲಿ ಯಾವುದೋ ಕಾಗದ ಹಿಡಿದು ನೆಪಕ್ಕೆ ಹಿಂದೆ ಬಂದರು. ನಾನು ಪ್ರೋಗ್ರಾಮು, ಪಟ್ಟಿ, ಫೈಲು ಎಂದು ಶುರುಮಾಡಿದ್ದೆ. ಎರಡು ವಾಕ್ಯ ಆಗುವುದರೊಳಗೆ ಯಜಮಾನ್ರು ಮುಂದೆ ಬಂದರು.

"ಸಾರ್, ಒಂದ್ ಸಲ ಊಟಕ್ಕೋಗಿ."

ಮ್ಯಾನೇಜರು ಗಡಿಯಾರ ನೋಡಿದರು. "ಹನ್ನೊಂದೂಕಾಲು ಗಂಟೆಗೆ?"

"ತಿನ್ಬ್ಯಾಡಿ ಸಾರ್. ಓಗೋ ಅಂಗೆ ಎದ್ದೇಳಿ, ಸಾಕು. ದಿನಾ ಎಂಗ್ ಎದ್ದೇಳ್ತೀರೋ ಅಂಗೇಯ."

ಮ್ಯಾನೇಜರು ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ. ಏನನ್ನಿಸಿತೋ, ಅವರು ನಿಜವಾಗಿಯೂ ಎದ್ದರು. ಫ್ಯಾನು ಆರಿಸಿದರು. ದೀಪ ಆರಿಸಿದರು. ಕಂಪ್ಯೂಟರು ಆರಿಸಿದರು. ಅಭ್ಯಾಸಬಲದಿಂದ ಮೇಜಿನ ಕೆಳಗಿನ ಊಟದ ಡಬ್ಬಿಯನ್ನೂ ಕೈಗೆತ್ತಿಕೊಂಡರು. ಬೆನ್ನ ಹಿಂದಿನ ಹಸಿರು ಅಕ್ಷರಗಳು ಮಾಯವಾದವು.

ನಾಲ್ವರೂ ಶೆಡ್ಡಿಗೆ ನಡೆದು ಹೋಗಿ ಪ್ರಿಂಟರಿನ ಮುಂದೆ ನಿಂತೆವು. ಎಷ್ಟು ಹೊತ್ತಾಯಿತೆಂದು ಈಗ ಹೇಳಲಾರೆ. ಐದು ನಿಮಿಷಕ್ಕಿಂತ ಹೆಚ್ಚಾಗುವಂತಿಲ್ಲ, ನನಗೆ ಅರ್ಧ ದಿನದಂತಿತ್ತು. ಲಾರಿಯ ಡ್ರೈವರು ನಮ್ಮನ್ನೂ ಸಾಹೇಬರ ಕೈಯ ಊಟದ ಡಬ್ಬಿಯನ್ನೂ ನೋಡಿ, "ಏನ್ ಸಾರ್, ಪೂಜೆನಾ?" ಎಂದ. ಯಾರೂ ಉತ್ತರ ಕೊಡುವ ಮೊದಲೇ ಪ್ರಿಂಟರು ಕರ್ರೆಂದಿತು.

ಸ್ಟೋರ್ಸ್ ಮೇಡಂ ಚಪ್ಪಾಳೆ ತಟ್ಟಿದರು. ಮ್ಯಾನೇಜರು ಚೀಟಿಯನ್ನು ಹರಿದು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಅವರಿಗೆ ನಗು ಬಂತು. ಡಬ್ಬಿಯನ್ನು ಪ್ರಿಂಟರಿನ ಪಕ್ಕ ಇಟ್ಟು, ಗೋಡೆಗೆ ಒರಗಿ ನಕ್ಕರು.

"ಅಂದ್ರೆ ನಿನ್ನೆ ಲಾರಿ ನಿಲ್ಲಿಸಿದ್ದು ನಾನು?"

"ನೀವಲ್ಲ ಸಾರ್, ನಾನು" ಎಂದೆ. ಈ ಮಾತು ಆಡಿದೆನೆಂದು ನನಗೆ ನೆನಪಿದೆ. ಇಂಥ ಒಳ್ಳೆಯ ಮಾತುಗಳನ್ನು ನೆನಪು ಆಮೇಲೆ ಹೊಲಿದು ಸೇರಿಸುವುದೂ ಉಂಟು, ಆದ್ದರಿಂದ ಒತ್ತಿ ಹೇಳಲಾರೆ.

"ಚೌಕಾಬಾರ ಆಡಿದ್ದು ಮಾತ್ರ ನಿಜ ತಾನೇ, ಯಜಮಾನ್ರೇ?"

"ಒಂದ್ ಕಾಯಿ ಒಡ್ದೆ ಸಾರ್. ಬಿಟ್ಟಿದ್ರೆ ಅವ್ನು ಗೆದ್ಬಿಡ್ತಿದ್ದ."

ಮೆಮೊ ಬರಲಿಲ್ಲ. ಆ ಸಂಜೆಯೇ ಬಡ್ತಿಯ ಕಾಗದಕ್ಕೆ ಸಹಿ ಬಿತ್ತು. ಸ್ಕ್ರಿಪ್ಟನ್ನು ನಾನು ಹೊಸದಾಗಿ ಬರೆದೆ. ಈಗ ಅದು ಹೆಸರು ಹುಡುಕುವುದನ್ನು ಬಿಟ್ಟು, ಒತ್ತಿದ ನಂಬರಿಗೆ ಚೀಟಿ ಬಂತೇ ಎಂದು ನೋಡುತ್ತಿತ್ತು. ನಂಬರು ಒತ್ತಿದ ಹೊತ್ತನ್ನೂ ಬರೆದಿಡುತ್ತಿತ್ತು. ಮುಗಿಸಿದ ದಿನವೇ ಪ್ರೋಗ್ರಾಮನ್ನು ಮೂರು ಸಲ ಸಾಯಿಸಿ ನೋಡಿದೆ. ಸ್ಟೋರ್ಸ್ ಮೇಡಂ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತು ಎಣಿಸಿದರು.

ಯಜಮಾನ್ರು ಗಾಜಿನ ಕೋಣೆಗೆ ಹೋದ ಮೊದಲ ದಿನವೇ ಒಂದು ತಕರಾರು ತೆಗೆದರು. ಬಾಗಿಲು ಮುಚ್ಚಿದರೆ ಒಳಗೆ ಪ್ರಿಂಟರಿನ ಸದ್ದು ಕೇಳುವುದಿಲ್ಲ. ಗೇಟು ಕಾಣುತ್ತೆ, ಮರ ಕಾಣುತ್ತೆ, ಕರ್ರ್ ಅನ್ನೋದು ಕೇಳದಿದ್ದರೆ ಏನು ಬಂತು? ಬಾಗಿಲಿಗೋ ಸ್ಪ್ರಿಂಗು, ತೆರೆದಿಟ್ಟರೆ ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಅವರು ಮರದ ಕೆಳಗೆ ಹೋಗಿ, ಡ್ರೈವರುಗಳು ಮನೆ ಬರೆಯಲು ಬೇರಿನ ಸಂದಿಯಲ್ಲಿ ಬಚ್ಚಿಟ್ಟಿದ್ದ ಇಟ್ಟಿಗೆ ಚೂರನ್ನು ತಂದು ಬಾಗಿಲಿಗೆ ಅಡ್ಡ ಕೊಟ್ಟರು. ಹಾಗಾಗಿ ಚೀಟಿ ತಡವಾದರೆ ಡ್ರೈವರುಗಳು ಚೌಕಾಬಾರ ಬರೆಯಲು ಮೊದಲು ಅವರ ಹತ್ತಿರವೇ ಬರಬೇಕಾಯಿತು. "ಯಜಮಾನ್ರೇ, ಇಟ್ಟಿಗೆ ಕೊಡಿ" ಎಂದು ಯಾರಾದರೂ ಕೇಳಿದ ತಕ್ಷಣ ಅವರು ಎದ್ದು ನನ್ನ ಬಾಗಿಲಿಗೆ ಬರುತ್ತಿದ್ದರು. ಸ್ಕ್ರಿಪ್ಟು ತಾನಾಗಿ ಎಬ್ಬಿಸುತ್ತದೆ ಎಂದು ನಾನು ಇನ್ನೊಮ್ಮೆ ಹೇಳಲಿಲ್ಲ.

ಇದನ್ನೆಲ್ಲ ಬರೆದ ಮೇಲೆ ಸ್ಟೋರ್ಸ್ ಮೇಡಂಗೆ ಫೋನು ಮಾಡಿ ಓದಿ ಹೇಳಿದೆ. ಈಗ ಮಾದನಾಯಕನಹಳ್ಳಿಯಲ್ಲಿ ಮನೆ ಕಟ್ಟಿಕೊಂಡಿದ್ದಾರೆ. ನಡುನಡುವೆ ನಕ್ಕರು. ಕೊನೆಗೆ ಎರಡು ತಿದ್ದುಪಡಿ ಹೇಳಿದರು.

"ಆ ಪರದೆ ಬೇಕು ಅಂತ ಸಾಹೇಬ್ರು ಯಾವತ್ತು ಕೇಳಿದ್ರು? ಗೋಡೆಗೆ ಗಡಿಯಾರ ಸಾಕು ಅಂದಿದ್ರು. ನೀವೇ ಹಠ ಹಿಡಿದು, ಹಸಿರು ಅಕ್ಷರ ಬರುತ್ತೆ ನೋಡಿ ಸಾರ್ ಅಂತ ಹಾಕ್ಸಿದ್ದು ಕಣ್ರೀ."

ನನಗೆ ಹಾಗೆ ನೆನಪಿಲ್ಲ. ಆದರೆ ನೆನಪಿಲ್ಲ ಎನ್ನುವುದು ಪುರಾವೆಯಲ್ಲ ಎಂಬುದನ್ನು ಪೀಣ್ಯದಲ್ಲೇ ಕಲಿತಿದ್ದೇನೆ. ಮೇಲೆ ಬರೆದದ್ದನ್ನು ಅಳಿಸದೆ ಹಾಗೇ ಬಿಟ್ಟಿದ್ದೇನೆ.

"ಎರಡನೇದು?"

"ಬಾಗಿಲಿಗೆ ಅಡ್ಡ ಇಟ್ಟಿದ್ದು ಇಟ್ಟಿಗೆ ಅಲ್ಲ. ನನ್ ಸ್ಟೋರ್ಸಿಂದ ಎತ್ಕೊಂಡ್ ಹೋದ ಬ್ರೇಕ್ ಪೀಸು. ಒಂದು ಕಮ್ಮಿ ಬರ್ತಿದೆ ಅಂತ ಮೂರು ದಿನ ಎಣಿಸಿದೀನಿ ನಾನು."